ಫಾಸ್ಟ್‌ಟ್ರ್ಯಾಕ್ ಟಿಕೆಟ್ಟೂ, ಅಣ್ಣ ನಿಂತ ಸಾಲೂ

ಸರದಿ ಅಂದರೆ ಏನು ಅಂತ ನನಗೆ ಮೊದಲು ಗೊತ್ತಾಗಿದ್ದು ಬಿಳಗಿಯ ಸೊಸೈಟಿ ಎದುರು ಸಾಲಾಗಿ ಕೂತಿರುತ್ತಿದ್ದ ಸೀಮೆಎಣ್ಣೆ ಕ್ಯಾನುಗಳಿಂದ. ಎಣ್ಣೆ ಕೊಡುವ ದಿನ ಬೆಳಿಗ್ಗೆ ಬೇಗ ಹೋಗಿ ಕ್ಯಾನು ಇಟ್ಟು ಬಂದರೆ ಆಯಿತು. ಜನ ಚಹಾ ಕುಡಿಯಲಿಕ್ಕೆ ಹೋಗುತ್ತಿದ್ದರು, ಕೊಟ್ಟಿಗೆ ಕೆಲಸ ಮುಗಿಸಿ ಬರುತ್ತಿದ್ದರು. ಅವರ ಬದಲಿಗೆ ಕ್ಯಾನು ಕಾಯುತ್ತಿತ್ತು. ಯಾರ ಕ್ಯಾನು ಯಾರ ಹಿಂದೆ ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಯಾರಾದರೂ ಕಾಲಲ್ಲಿ ಮೆಲ್ಲಗೆ ತಳ್ಳಿ ತಮ್ಮದನ್ನು ಮುಂದೆ ಮಾಡಿದರೆ ದೊಡ್ಡ ಗಲಾಟೆ.

ಈಗ ಗ್ಯಾಸ್ ಬಂದಿದೆ, ಕ್ಯಾನಿನ ಕಾಲ ಮುಗಿದಿದೆ. ಆದರೆ ಆ ಉಪಾಯ ಮಾತ್ರ ಎಲ್ಲೂ ಹೋಗಿಲ್ಲ. ಅದೇ ಉಪಾಯವನ್ನು ಡಿಸ್ನಿಯವರು 1999ರಲ್ಲಿ ಅಮೆರಿಕದ ತಮ್ಮ ಥೀಮ್ ಪಾರ್ಕುಗಳಲ್ಲಿ ‘ಫಾಸ್ಟ್‌ಪಾಸ್’ ಅಂತ ಶುರು ಮಾಡಿದರು. ರೈಡಿನ ಬಾಗಿಲಲ್ಲಿರುವ ಮೆಷಿನ್ನಿಗೆ ನಿಮ್ಮ ಟಿಕೆಟ್ ತೋರಿಸಿದರೆ ಒಂದು ಚೀಟಿ ಬರುತ್ತಿತ್ತು. ಇಂಥ ಹೊತ್ತಿನಿಂದ ಇಂಥ ಹೊತ್ತಿನೊಳಗೆ ಬನ್ನಿ, ಹೆಚ್ಚು ಕಾಯದೆ ಹತ್ತಿ ಅಂತ ಅದರಲ್ಲಿ ಬರೆದಿರುತ್ತಿತ್ತು. ಅಲ್ಲಿಯ ತನಕ ನೀವು ಊಟ ಮಾಡಬಹುದು, ಬೇರೆ ರೈಡು ಹತ್ತಬಹುದು, ಅಂಗಡಿ ಸುತ್ತಬಹುದು. ಸಾಲಿನಲ್ಲಿ ನಿಂತವನಿಗಿಂತ ಅಂಗಡಿ ಸುತ್ತುವವನು ಹೆಚ್ಚು ಖರ್ಚು ಮಾಡುತ್ತಾನೆ ಅನ್ನುವ ಲೆಕ್ಕ ಅವರಿಗೂ ಇದ್ದೇ ಇರುತ್ತದೆ, ಬಿಡಿ. ಆದರೂ ಆ ಚೀಟಿಗೆ ದುಡ್ಡಿರಲಿಲ್ಲ. ಪಾರ್ಕಿಗೆ ಬಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ನಮ್ಮ ಕ್ಯಾನಿನ ಹಾಗೆ.

ಇದೆಲ್ಲ ನಾನು ಹುಡುಕಿ ಓದಿದ್ದು ಎರಡು ವರ್ಷದ ಹಿಂದಿನ ಬೇಸಿಗೆ ರಜೆಯಲ್ಲಿ. ಓದುವ ಹಾಗೆ ಮಾಡಿದ್ದು ನಮ್ಮ ಅಣ್ಣ.

ಅಣ್ಣ ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಅಪ್ಪ–ಅಮ್ಮನೂ ಅವನ ಜೊತೆಗೇ. ನಾನು ಬೆಂಗಳೂರಲ್ಲಿ ಕೆಲಸ ಮಾಡುತ್ತಾ ಹತ್ತು ವರ್ಷ ಆಯಿತು. ಆ ವರ್ಷ ಅಣ್ಣನ ಮಗಳು ಏಳನೇ ಕ್ಲಾಸು ಮುಗಿಸಿದ್ದಳು. ಜೂನ್‌ನಿಂದ ಶಿರಸಿಯಲ್ಲಿ ಹಾಸ್ಟೆಲ್ ಅಂತ ತೀರ್ಮಾನ ಆಗಿತ್ತು. ‘ಹಾಸ್ಟೆಲ್ಲಿಗೆ ಹೋಗೋ ಮೊದಲು ಒಂದು ಸಲ ದೊಡ್ಡ ಪಾರ್ಕು ತೋರಿಸು ಅತ್ತೆ’ ಅಂತ ಅವಳು ಫೋನಲ್ಲಿ ಕೇಳಿದಳು. ಅವಳ ತಮ್ಮ ಹಿಂದಿನಿಂದ ಕಿರುಚಿದ, ‘ಉಲ್ಟಾ ಮಾಡೋ ರೈಡು ಇರ್ಬೇಕು!’ ಸರಿ, ಅಣ್ಣ, ಅತ್ತಿಗೆ, ಎರಡು ಮಕ್ಕಳು ಸಿದ್ದಾಪುರದಿಂದ ರಾತ್ರಿ ಬಸ್ಸು ಹತ್ತಿ ಬಂದರು.

ಟಿಕೆಟ್ ಬುಕ್ ಮಾಡಲಿಕ್ಕೆ ಫೋನ್ ತೆಗೆದರೆ ಎರಡು ಬಗೆ. ಒಂದು ಸಾಮಾನ್ಯ ಟಿಕೆಟ್. ಇನ್ನೊಂದಕ್ಕೆ ಅದರ ಸುಮಾರು ದುಪ್ಪಟ್ಟು ಬೆಲೆ. ಅದನ್ನು ತೆಗೆದುಕೊಂಡವರಿಗೆ ರೈಡುಗಳಲ್ಲಿ ಬೇರೆ ಸಾಲು. ನಾವು ಹೋದ ಪಾರ್ಕು ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ಈಗ ಇದು ಹೆಚ್ಚುಕಡಿಮೆ ಎಲ್ಲಾ ದೊಡ್ಡ ಪಾರ್ಕುಗಳ ಪದ್ಧತಿ. ಕೊಚ್ಚಿಯಲ್ಲಿ 2000ರಲ್ಲಿ ವೀಗಾಲ್ಯಾಂಡ್ ಶುರು ಮಾಡಿದ, ವಿ-ಗಾರ್ಡ್ ಕಂಪನಿಯ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅವರು 2005ರಲ್ಲಿ ಬಿಡದಿ ಹತ್ತಿರ ತೆರೆದ ವಂಡರ್‌ಲಾದಲ್ಲಿ ಇದಕ್ಕೆ ‘ಫಾಸ್ಟ್‌ಟ್ರ್ಯಾಕ್’ ಅನ್ನುತ್ತಾರೆ. ಮುಂಬೈ–ಪುಣೆ ನಡುವೆ ಖೊಪೋಲಿಯಲ್ಲಿ 2013ರಲ್ಲಿ ಶುರುವಾದ ಇಮ್ಯಾಜಿಕಾದಲ್ಲಿ ‘ಎಕ್ಸ್‌ಪ್ರೆಸ್’. ಹೆಸರು ಬೇರೆ, ಕೆಲಸ ಒಂದೇ.

‘ಐದೂ ಜನಕ್ಕೆ ಫಾಸ್ಟ್ ಟಿಕೆಟ್ಟೇ ತಗೋತೀನಿ’ ಅಂದೆ. ಅಣ್ಣ ಫೋನ್ ಇಸ್ಕೊಂಡು ಬೆಲೆ ನೋಡಿದ. ಬಾಯಲ್ಲಿ ಏನೂ ಅನ್ನಲಿಲ್ಲ. ಆಮೇಲೆ, ‘ನಂಗೂ ಇವಳಿಗೂ ಎಂತಕ್ಕೆ ಅದು? ನಾವು ಹತ್ತೋದೇ ನಾಲ್ಕು ರೈಡು. ಮಕ್ಕಳಿಗೆ ತಗೊ, ಅವರ ಜೊತೆ ನೀನಿರು’ ಅಂದ. ‘ದುಡ್ಡಿನ ಮಾತಲ್ಲ ಅಣ್ಣಾ’ ಅಂದೆ. ‘ದುಡ್ಡಿನ ಮಾತು ಅಲ್ಲ ಅನ್ನೋರು ಯಾವಾಗ್ಲೂ ದುಡ್ಡು ಇರೋರೇ’ ಅಂತ ನಕ್ಕ. ಅವನು ಹಾಗೇ. ತೋಟದಲ್ಲಿ ಕೊಳೆರೋಗ ಬಂದ ವರ್ಷವೂ ನನ್ನ ಹತ್ತಿರ ಒಂದು ರೂಪಾಯಿ ಕೇಳಿದವನಲ್ಲ. ಹೆಚ್ಚು ಎಳೆದರೆ ಬೇಜಾರಾಗುತ್ತಾನೆ ಅಂತ ಗೊತ್ತಿತ್ತು. ಹಾಗಾಗಿ ಮೂರು ಫಾಸ್ಟ್, ಎರಡು ಸಾಮಾನ್ಯ ಅಂತ ಬುಕ್ ಆಯಿತು.

ಪಾರ್ಕಿನ ಒಳಗೆ ಏನಾಗುತ್ತದೆ ಅನ್ನೋದಕ್ಕೆ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಇದು ಗೊತ್ತಾದರೆ ಉಳಿದಿದ್ದೆಲ್ಲ ಸುಲಭ.

ಒಂದು ರೋಲರ್ ಕೋಸ್ಟರಿನಲ್ಲಿ ಒಂದು ಸಲಕ್ಕೆ 24 ಜನ ಕೂರುತ್ತಾರೆ ಅಂದುಕೊಳ್ಳಿ. ಹತ್ತಿಸಿ, ಸರಳು ಬಿಗಿದು, ಸುತ್ತಿಸಿ, ಇಳಿಸಲಿಕ್ಕೆ 4 ನಿಮಿಷ. ಅಂದರೆ ಗಂಟೆಗೆ 15 ಸುತ್ತು, 360 ಜನ. ನಿಮ್ಮ ಮುಂದೆ 360 ಜನ ಇದ್ದರೆ ನೀವು ಕಾಯಬೇಕಾದ್ದು ಒಂದು ಗಂಟೆ. ಈಗ ಅದರಲ್ಲಿ ಅರ್ಧ ಸೀಟನ್ನು ಫಾಸ್ಟ್ ಟಿಕೆಟ್ಟಿನವರಿಗೆ ಬಿಟ್ಟರೆ? ಸಾಮಾನ್ಯ ಸಾಲಿಗೆ ಗಂಟೆಗೆ ಉಳಿಯೋದು 180 ಸೀಟು. ಅದೇ 360 ಜನರ ಹಿಂದೆ ನಿಂತ ನೀವು ಈಗ ಕಾಯಬೇಕಾದ್ದು ಎರಡು ಗಂಟೆ.

ಕೋಸ್ಟರು ಒಂದು ಸೆಕೆಂಡೂ ಜೋರಾಗಿ ಓಡಿಲ್ಲ ಅನ್ನೋದನ್ನು ಗಮನಿಸಿ. ಗಂಟೆಗೆ ಹೋಗುವುದು ಆಗಲೂ 360, ಈಗಲೂ 360. ಫಾಸ್ಟ್ ಟಿಕೆಟ್ ಹೊಸದಾಗಿ ಹೊತ್ತನ್ನು ಹುಟ್ಟಿಸುವುದಿಲ್ಲ. ಒಬ್ಬರ ಹೊತ್ತನ್ನು ತೆಗೆದು ಇನ್ನೊಬ್ಬರಿಗೆ ಕೊಡುತ್ತದೆ. ಈ ಬಗೆಯ ಲೆಕ್ಕಕ್ಕೆ ಬುನಾದಿ ಹಾಕಿದವರು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಅವರು, ಫೋನ್ ಕರೆಗಳ ದಟ್ಟಣೆ ಬಗ್ಗೆ 1909ರಲ್ಲೇ ಬರೆದರು. ಟೆಲಿಫೋನ್ ಎಕ್ಸ್‌ಚೇಂಜಿಗೂ ರೋಲರ್ ಕೋಸ್ಟರಿಗೂ ನ್ಯಾಯಬೆಲೆ ಅಂಗಡಿಗೂ ಒಂದೇ ಗಣಿತ.

ಹಾಗಾದರೆ ಡಿಸ್ನಿಯ ಉಚಿತ ಚೀಟಿಯಲ್ಲೂ ಹೀಗೇ ಆಗುತ್ತಿರಲಿಲ್ಲವಾ? ಆಗುತ್ತಿತ್ತು. ಚೀಟಿ ಇದ್ದವರು ಒಂದು ರೈಡಿಗೆ ‘ಕಾಯುತ್ತಾ’ ಇನ್ನೊಂದರ ಸಾಲಿನಲ್ಲೂ ನಿಲ್ಲುತ್ತಿದ್ದರು. ಒಬ್ಬನೇ ಎರಡು ಕ್ಯಾನು ಇಟ್ಟ ಹಾಗೆ. ಚೀಟಿಯ ವ್ಯವಹಾರ ಗೊತ್ತಿಲ್ಲದೆ ಮೊದಲ ಸಲ ಬಂದವರು ಉದ್ದ ಸಾಲಲ್ಲಿ ಸಿಕ್ಕಿಬೀಳುತ್ತಿದ್ದರು. ಆಮೇಲೆ 2014ರ ಹೊತ್ತಿಗೆ ಅದು ಫ್ಲಾರಿಡಾದಲ್ಲಿ ‘ಫಾಸ್ಟ್‌ಪಾಸ್ ಪ್ಲಸ್’ ಆಯಿತು. ಮೊಬೈಲಲ್ಲಿ ಮುಂಗಡ ಬುಕಿಂಗ್. ಅವರದೇ ಹೋಟೆಲಲ್ಲಿ ಉಳಿದವರಿಗೆ 60 ದಿನ ಮೊದಲೇ, ಉಳಿದವರಿಗೆ 30 ದಿನ ಮೊದಲು. ರಜೆಗೆ ಹೋಗುವ ಎರಡು ತಿಂಗಳು ಮೊದಲೇ, ಇಂಥ ದಿನ ಇಂಥ ಗಂಟೆಗೆ ಇಂಥ ರೈಡು ಅಂತ ಟೈಮ್‌ಟೇಬಲ್! ನಮ್ಮ ರೈಲಿನ ಮುಂಗಡ ಬುಕಿಂಗ್ ಕೂಡ 2024ರ ನವೆಂಬರ್‌ನಿಂದ 120 ದಿನ ಇದ್ದದ್ದು 60 ದಿನ ಆಗಿದೆ. ಅಲ್ಲಿ ಮಕ್ಕಳ ಜಾರುಬಂಡಿಗೂ ಅದೇ ಲೆಕ್ಕ ಬಂದಿತ್ತು.

ಕೋವಿಡ್ ಬಂತು, ಪಾರ್ಕು ಮುಚ್ಚಿತು. ತೆರೆದ ಮೇಲೆ ಉಚಿತ ಪಾಸು ವಾಪಸ್ ಬರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಅದರ ಜಾಗಕ್ಕೆ ದಿನಕ್ಕೆ 15 ಡಾಲರಿನಿಂದ ಶುರುವಾಗುವ ‘ಜೀನಿ ಪ್ಲಸ್’ ಬಂತು. 2024ರಲ್ಲಿ ಬಂದ ‘ಪ್ರೀಮಿಯರ್ ಪಾಸ್’ ಬೆಲೆ ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಜನ ತುಂಬಿದ ದಿನ ತಲೆಗೆ 449 ಡಾಲರ್ ತನಕ. ಅದೂ ಒಳಗೆ ಹೋಗುವ ಟಿಕೆಟ್ ಬಿಟ್ಟು! ಕಾಲು ಶತಮಾನದಲ್ಲಿ ಕ್ಯಾನಿನ ಸಾಲು ಹರಾಜಿನ ಸಾಲಾಯಿತು.

ನಮ್ಮ ದಿನಕ್ಕೆ ಬರುತ್ತೇನೆ.

ಮೊದಲ ಎರಡು ರೈಡು ಚಂದ ಆಯಿತು. ಮಕ್ಕಳು, ನಾನು ಪಕ್ಕದ ದಾರಿಯಲ್ಲಿ ಹೋದೆವು, ಹತ್ತಿದೆವು, ಕಿರುಚಿದೆವು, ಇಳಿದೆವು. ಇಳಿದು ಬಂದರೆ ಅಣ್ಣ–ಅತ್ತಿಗೆ ಇನ್ನೂ ಮೊದಲ ರೈಡಿನ ಸಾಲಿನಲ್ಲೇ. ಕೈ ಬೀಸಿದರು, ನಾವೂ ಬೀಸಿದೆವು. ಮೂರನೆಯದು ಹುಡುಗ ಕಾಯುತ್ತಿದ್ದ ‘ಉಲ್ಟಾ’ ರೈಡು. ಅಲ್ಲಿ ಎರಡು ಸಾಲಿನ ನಡುವೆ ಬರೀ ಒಂದು ಕಬ್ಬಿಣದ ಸರಳು. ಅಷ್ಟೊತ್ತಿಗೆ ಅಣ್ಣ ಅಲ್ಲಿಗೆ ಬಂದು ಸಾಲಿನ ಬಾಲದಲ್ಲಿ ನಿಂತಿದ್ದ. ತಲೆ ಮೇಲೆ ಕರ್ಚೀಫು, ಕೈಯಲ್ಲಿ ನಮ್ಮೆಲ್ಲರ ನೀರಿನ ಬಾಟಲಿ ಇದ್ದ ಚೀಲ. ಅತ್ತಿಗೆ ಸಾಕಾಗಿ ನೆರಳಲ್ಲಿ ಕೂತಿದ್ದಳು.

ನಾವು ಸರಳಿನ ಈಚೆ ಕಡೆಯಿಂದ ಅವನನ್ನು ದಾಟಿ ಮುಂದೆ ಹೋಗುತ್ತಿದ್ದೆವು. ಮಗಳು ನಿಂತಳು. ‘ಅಪ್ಪ ಅಲ್ಲಿ ಯಾಕೆ?’ ಅಂದಳು. ಅವಳಿಗೆ ಟಿಕೆಟ್ಟಿನ ವಿಷಯ ಗೊತ್ತಿತ್ತು, ಬೆಳಿಗ್ಗೆಯೇ ಹೇಳಿದ್ದೆವು. ಆದರೆ ಗೊತ್ತಿರೋದು ಬೇರೆ, ಕಣ್ಣಲ್ಲಿ ನೋಡೋದು ಬೇರೆ. ‘ನೀ ಹೋಗೇ, ಕೊಟ್ಟ ದುಡ್ಡು ಹಾಳಾಗ್ತದೆ’ ಅಂದ ಅಣ್ಣ. ಅವಳು ಕೇಳಲಿಲ್ಲ. ಸರಳಿನ ಕೆಳಗೆ ಬಗ್ಗಿ ಆಚೆಗೆ ದಾಟಿ ಅಪ್ಪನ ಪಕ್ಕ ನಿಂತಳು. ಹಿಂದಿದ್ದವರು ಏನಾದರೂ ಅಂದಾರು ಅಂತ ನನಗೆ ಭಯ. ಯಾರೂ ಏನೂ ಅನ್ನಲಿಲ್ಲ. ಹಿಂದೆ ಇದ್ದ ಒಬ್ಬ ಅಜ್ಜಿ ಅವಳಿಗೆ ಜಾಗ ಬಿಟ್ಟುಕೊಟ್ಟರು.

ಹುಡುಗನಿಗೆ ಇಂಥ ತಲೆಬಿಸಿ ಇರಲಿಲ್ಲ. ಅವನೂ ನಾನೂ ಆ ರೈಡನ್ನು ಎರಡು ಸಲ ಹತ್ತಿ ಬಂದೆವು. ಅವನ ವಯಸ್ಸಿಗೆ ಅದೇ ಸರಿ. ಅವನ ಖುಷಿಯ ಬಗ್ಗೆ ನನಗೆ ಒಂದು ಚೂರೂ ಬೇಸರ ಇಲ್ಲ.

ಅಣ್ಣ–ಮಗಳು ಐವತ್ತು ನಿಮಿಷ ಆ ಸಾಲಲ್ಲಿ ನಿಂತರು. ದೂರದಿಂದ ನೋಡಿದರೆ ಅಣ್ಣ ಮಾತಾಡುತ್ತಿದ್ದ. ನಮ್ಮ ಅಣ್ಣ! ಊಟಕ್ಕೆ ಕೂತರೆ ಸಾರು ಬೇಕು, ಬೇಡ ಅನ್ನೋದು ಬಿಟ್ಟು ಮಾತೇ ಆಡದವನು. ಆಮೇಲೆ ಅವಳನ್ನು ಕೇಳಿದೆ, ‘ಎಂತ ಹೇಳ್ತಿದ್ದ?’ ಅಂತ. ಅವನು ಶಿರಸಿಯಲ್ಲಿ ಹಾಸ್ಟೆಲಲ್ಲಿದ್ದ ಕಥೆಯಂತೆ. ಮೊದಲ ವಾರ ದಿನಾ ರಾತ್ರಿ ಅತ್ತಿದ್ದು, ಶನಿವಾರ ಊರಿನ ಬಸ್ಸು ಬರುವ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಸುಮ್ಮನೆ ಬಸ್ಸು ನೋಡಿಕೊಂಡು ಬರುತ್ತಿದ್ದದ್ದು. ನನಗೇ ಅದು ಗೊತ್ತಿರಲಿಲ್ಲ. ಒಡಹುಟ್ಟಿದವಳಿಗೆ ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಸಾಲಲ್ಲಿ ನಿಂತು ಮಗಳಿಗೆ ಹೇಳಿದ್ದ.

ಇದನ್ನು ಹೇಳಿ, ‘ನೋಡಿ, ಕಾಯುವುದೇ ಚಂದ, ಸಾಲಲ್ಲಿ ನಿಂತರೆ ಬಾಂಧವ್ಯ ಬೆಳೆಯುತ್ತದೆ’ ಅಂತ ಉಪದೇಶ ಮಾಡುವ ಉದ್ದೇಶ ನನಗಿಲ್ಲ. ಮೇ ತಿಂಗಳ ಬಿಸಿಲಲ್ಲಿ ನಿಲ್ಲೋದು ನಿಲ್ಲೋದೇ. ಅತ್ತಿಗೆಗೆ ಅವತ್ತು ಸಂಜೆ ತನಕ ತಲೆನೋವು. ಇದ್ದದ್ದೇ ಒಂದು ದಿನ, ರಾತ್ರಿ ಬಸ್ಸಿಗೆ ವಾಪಸ್ ಹೋಗಬೇಕು ಅನ್ನುವವರಿಗೆ ಫಾಸ್ಟ್ ಟಿಕೆಟ್ಟಿನಿಂದ ನಿಜವಾದ ಉಪಕಾರ ಇದೆ. ಮಂಡಿ ನೋವಿನ ಅಮ್ಮನನ್ನು ಕರೆದುಕೊಂಡು ಹೋಗುವವರನ್ನು ಕೇಳಿ ನೋಡಿ.

ಹಾಗಂತ ಎಲ್ಲಾ ‘ಬೇರೆ ಸಾಲು’ ಒಂದೇ ಅಲ್ಲ. ತಿರುಮಲದಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನಕ್ಕೆ ಆನ್‌ಲೈನ್ ಬುಕಿಂಗ್ ಇದೆ. ಜೊತೆಗೆ ದುಡ್ಡಿಲ್ಲದ ಸರ್ವದರ್ಶನಕ್ಕೂ ಹೊತ್ತು ಗೊತ್ತುಮಾಡಿದ ಟೋಕನ್ ಇದೆ. ವಯಸ್ಸಾದವರಿಗೆ, ಅಂಗವಿಕಲರಿಗೆ ಬೇರೆ ವ್ಯವಸ್ಥೆ ಇದೆ. ಮೂರೂ ‘ಸಾಲು ತಪ್ಪಿಸುವುದೇ’. ಆದರೆ ಮೊದಲನೆಯದು ದುಡ್ಡನ್ನು ನೋಡುತ್ತದೆ, ಎರಡನೆಯದು ಯಾರು ಮೊದಲು ಬಂದರು ಅಂತ ನೋಡುತ್ತದೆ, ಮೂರನೆಯದು ಕಷ್ಟವನ್ನು ನೋಡುತ್ತದೆ. ಡಿಸ್ನಿಯಲ್ಲೂ 2013ರಲ್ಲಿ ಅಂಗವಿಕಲರ ವ್ಯವಸ್ಥೆ ಬದಲಾಯಿಸಿದರು. ದುಡ್ಡಿದ್ದವರು ಅಂಗವಿಕಲರನ್ನು ಬಾಡಿಗೆಗೆ ಕರೆದುಕೊಂಡು ಬಂದು ಸಾಲು ತಪ್ಪಿಸುತ್ತಾರೆ ಅಂತ ಆ ವರ್ಷ ಸುದ್ದಿಯಾಗಿತ್ತು. ಹೊಸ ಪದ್ಧತಿಯಲ್ಲಿ ಅವರಿಗೂ ಸಾಲಿನ ಉದ್ದಕ್ಕೆ ತಕ್ಕ ಹೊತ್ತು ಗೊತ್ತುಮಾಡಿ, ಅಲ್ಲಿಯ ತನಕ ನೆರಳಲ್ಲಿ ಕೂತು ಬನ್ನಿ ಅಂದರು. ಸಾಲಿನ ಹೊತ್ತು ಎಲ್ಲರಿಗೂ ಒಂದೇ, ನಿಲ್ಲುವ ಕಷ್ಟ ಮಾತ್ರ ಇಲ್ಲ. ನನಗೆ ಇದು ಬಹಳ ಸರಿಯಾದ ಉಪಾಯ ಅನ್ನಿಸಿತು.

ಊರಿನ ಕಡೆಯ ಡಾಕ್ಟರ್‌ಗಳ ಹತ್ತಿರವೂ ಈಗ ಫೋನಲ್ಲಿ ಟೋಕನ್ ಸಿಗುತ್ತದೆ. ನಿಮ್ಮದು 38ನೇ ನಂಬರು ಅಂದರೆ ಅಪ್ಪ ಮನೆಯಲ್ಲೇ ಊಟ ಮುಗಿಸಿ ಹೊರಡುತ್ತಾರೆ. ಅದರಿಂದ ಯಾರ ಸರದಿಯೂ ಹಿಂದೆ ಹೋಗಲಿಲ್ಲ. ಮುಂಗಡ ಬುಕಿಂಗ್ ಅನ್ನೋದು ಕೆಟ್ಟದ್ದಲ್ಲ ಅನ್ನೋದಕ್ಕೆ ಇಷ್ಟು ಸಾಕು. ಸರದಿಯನ್ನು ಜಾಗದಿಂದ ಬಿಡಿಸೋದು ಒಂದು ಕೆಲಸ, ಅದನ್ನು ಮಾರೋದು ಇನ್ನೊಂದು ಕೆಲಸ. ಒಂದೇ ಆ್ಯಪಿನಲ್ಲಿ ಎರಡೂ ಬರುವುದರಿಂದ ನಮಗೆ ಒಂದೇ ಥರ ಕಾಣುತ್ತದೆ, ಅಷ್ಟೇ.

ಅಮೆರಿಕದ ಚಿಂತಕ ಮೈಕೆಲ್ ಸ್ಯಾಂಡೆಲ್ 2012ರ ತಮ್ಮ ಪುಸ್ತಕದಲ್ಲಿ ಇದೇ ವಿಷಯ ಎತ್ತಿದ್ದಾರೆ. ದುಡ್ಡಿಗೆ ಏನನ್ನು ಮಾರಬಹುದು, ಏನನ್ನು ಮಾರಬಾರದು ಅನ್ನುವ ಚರ್ಚೆಯನ್ನು ಅವರು ಶುರು ಮಾಡೋದೇ ಸಾಲು ಹಾರುವುದರಿಂದ. ಅದಕ್ಕೂ ಮೊದಲು, 1985ರಲ್ಲಿ, ಡೇವಿಡ್ ಮೈಸ್ಟರ್ ಎಂಬವರು ಕಾಯುವವರ ಮನಸ್ಸಿನ ಬಗ್ಗೆ ಬರೆದಿದ್ದರು. ಕೈಗೆ ಏನಾದರೂ ಕೆಲಸ ಇದ್ದರೆ ಕಾಯೋದು ಚಿಕ್ಕದಾಗಿ ಕಾಣುತ್ತದೆ. ಅನ್ಯಾಯ ಅನ್ನಿಸಿದರೆ ಅದೇ ಹೊತ್ತು ಉದ್ದ ಕಾಣುತ್ತದೆ ಅಂತ. ಪಕ್ಕದ ಸಾಲಿನವರು ಕಣ್ಣೆದುರೇ ದಾಟಿಹೋದಾಗ ಹತ್ತು ನಿಮಿಷ ಅರ್ಧ ಗಂಟೆ ಆಗೋದು ಇದಕ್ಕೇ.

ಶಿರಸಿಯ ಮಾರಿಕಾಂಬಾ ಜಾತ್ರೆ ನೋಡಿದವರಿಗೆ ಇನ್ನೊಂದು ಬಗೆ ಗೊತ್ತು. ಎರಡು ವರ್ಷಕ್ಕೊಮ್ಮೆ ದೇವಿ ಬಿಡಕಿಬೈಲಿಗೆ ಬಂದು ಕೂತಾಗ ಊರಿಗೆ ಊರೇ ತೊಟ್ಟಿಲು, ಜಾಯಿಂಟ್ ವೀಲು, ಸರ್ಕಸ್ಸು. ನಾನು ಚಿಕ್ಕವಳಿದ್ದಾಗ ತೊಟ್ಟಿಲು ಹತ್ತಿದ್ದು ಆ ಜಾತ್ರೆಯಲ್ಲೇ. ಅಲ್ಲಿ ಸಾಲು ಅಂತ ಇರೋದೂ ಕಷ್ಟ, ಬರೀ ನೂಕುನುಗ್ಗಲು. ಆದರೂ ಅಡಿಕೆ ಮಂಡಿ ಸಾಹುಕಾರರ ಮಗನೂ ನಾನೂ ಒಂದೇ ಚೀಟಿ ಹಿಡಿದು ಒಂದೇ ತೊಟ್ಟಿಲಲ್ಲಿ ಕೂತಿದ್ದೆವು. ತೊಟ್ಟಿಲಿನವನಿಗೆ ಬೇಕಾಗಿದ್ದು ತುಂಬಿದ ತೊಟ್ಟಿಲು, ಅಷ್ಟೇ. ಆ ಜಾತ್ರೆ ಬಹಳ ನ್ಯಾಯವಂತ ಜಾಗ ಅಂತ ನಾನು ಹೇಳುತ್ತಿಲ್ಲ. ನೂಕುವ ಶಕ್ತಿ ಇದ್ದವನಿಗೆ ಅಲ್ಲೂ ಮೊದಲ ಸೀಟು.

ಇನ್ನು ಈ ರಜೆಗೆ ಮನೆಯವರನ್ನು ಪಾರ್ಕಿಗೆ ಕರೆದುಕೊಂಡು ಹೋಗುವವರಿಗೆ ನನಗೆ ಗೊತ್ತಾದ ನಾಲ್ಕು ಮಾತು ಹೇಳಿಬಿಡುತ್ತೇನೆ.

ಸಾಧ್ಯವಾದರೆ ವಾರದ ನಡುವೆ ಹೋಗಿ. ಜನ ಕಡಿಮೆ ಇರುವ ದಿನ ಎರಡೂ ಸಾಲಿನಲ್ಲಿ ವ್ಯತ್ಯಾಸವೇ ಇರುವುದಿಲ್ಲ, ಫಾಸ್ಟ್ ಟಿಕೆಟ್ಟಿನ ದುಡ್ಡು ಸುಮ್ಮನೆ ಹೋದ ಹಾಗೆ. ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ, ಎಲ್ಲರಿಗೂ ಬೇಕಾದ ದೊಡ್ಡ ರೈಡನ್ನು ಮೊದಲು ಮುಗಿಸಿ. ಊಟದ ಹೊತ್ತಿನಲ್ಲಿ ಎಲ್ಲರೂ ಊಟಕ್ಕೆ ಹೋಗುತ್ತಾರೆ, ನೀವು ಆಗ ರೈಡಿಗೆ ಹೋಗಿ. ಫಾಸ್ಟ್ ಟಿಕೆಟ್ ತೆಗೆದುಕೊಳ್ಳುವುದಾದರೆ ಅದು ಯಾವ ಯಾವ ರೈಡಿಗೆ, ಎಷ್ಟು ಸಲಕ್ಕೆ ಅಂತ ಮೊದಲೇ ಓದಿಕೊಳ್ಳಿ. ಮಕ್ಕಳ ಎತ್ತರ ಅಳೆದು ನೋಡಿ. ದೊಡ್ಡ ರೈಡುಗಳಿಗೆಲ್ಲ ಎತ್ತರದ ಮಿತಿ ಇದೆ. ಹತ್ತಲಿಕ್ಕೇ ಬಿಡದ ರೈಡಿಗೆ ವೇಗದ ಟಿಕೆಟ್ ಯಾಕೆ?

ಕೊನೆಯದು, ನನ್ನ ಮಟ್ಟಿಗೆ ಮುಖ್ಯವಾದದ್ದು. ಯಾವುದು ತೆಗೆದುಕೊಂಡರೂ ಗುಂಪಿನಲ್ಲಿ ಎಲ್ಲರಿಗೂ ಒಂದೇ ತೆಗೆದುಕೊಳ್ಳಿ. ಬೇಕಾದರೆ ಎರಡು ರೈಡು ಕಡಿಮೆ ಆಗಲಿ. ನಾವು ಸಂಬಳ ಬರುವವರು, ದುಡ್ಡು ಕೊಟ್ಟು ಹೊತ್ತು ಕೊಳ್ಳುವುದು ನಮಗೆ ಅಭ್ಯಾಸ ಆಗಿಹೋಗಿದೆ. ಹತ್ತು ನಿಮಿಷದಲ್ಲಿ ದಿನಸಿ, ತತ್ಕಾಲ್ ಟಿಕೆಟ್ಟು, ಏರ್‌ಪೋರ್ಟಲ್ಲಿ ಮೊದಲ ಸಾಲು. ಒಬ್ಬರೇ ಇದ್ದಾಗ ಅದರಿಂದ ತೊಂದರೆ ಇಲ್ಲ. ಮನೆಯವರ ಜೊತೆ ಇದ್ದಾಗ ಮಾತ್ರ ನಾವು ದಾಟಿಹೋಗುವ ಸಾಲಿನಲ್ಲಿ ನಮ್ಮವರೇ ನಿಂತಿರುತ್ತಾರೆ.

ಅಣ್ಣನ ಮಗಳು ಈಗ ಹಾಸ್ಟೆಲ್ಲಿನಲ್ಲಿದ್ದಾಳೆ. ಮೊದಲ ತಿಂಗಳು ಅವಳೂ ಅತ್ತಳು. ಅಣ್ಣ ಶನಿವಾರ ಶನಿವಾರ ಶಿರಸಿಗೆ ಹೋಗಿಬರುತ್ತಾನೆ. ‘ಬಸ್‌ಸ್ಟ್ಯಾಂಡಿಗೆ ಹೋಗ್ಬೇಡ, ನಾನೇ ಬರ್ತೆ’ ಅಂತ ಅವಳಿಗೆ ಹೇಳಿಟ್ಟಿದ್ದಾನಂತೆ. ಮುಂದಿನ ರಜೆಗೆ ಮತ್ತೆ ಎಲ್ಲರೂ ಬರುತ್ತಾರೆ. ಈ ಸಲ ಪಟ್ಟಿಯಲ್ಲಿ ಅಪ್ಪ–ಅಮ್ಮನೂ ಇದ್ದಾರೆ. ಅವರು ಯಾವ ರೈಡೂ ಹತ್ತುವುದಿಲ್ಲ, ನೋಡಲಿಕ್ಕೆ ಬರುತ್ತಾರಂತೆ. ಏಳು ಜನಕ್ಕೆ ಒಂದು ಮಂಗಳವಾರ ನೋಡಿ ಇಟ್ಟಿದ್ದೇನೆ. ಏಳೂ ಸಾಮಾನ್ಯ ಟಿಕೆಟ್ಟೇ.